ಭಾನುವಾರದ ಬೆಂಚು

ಗುರುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಾಬಾಜಾನ್ ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಮೈಮೇಲೆ ಮದುವೆಗೆಂದು ಹೊಲಿಸಿದ ಬಿಳಿ ಜುಬ್ಬಾ ಇತ್ತು. ಎದೆಯಿಂದ ಕೆಳಗೆ ಅದು ಬಿಳಿಯಾಗಿ ಉಳಿದಿರಲಿಲ್ಲ. ಪಹರೆಯಲ್ಲಿದ್ದ ಕಾನ್‌ಸ್ಟೇಬಲ್ ಗಾಬರಿಯಾಗಿ ಕುರ್ಚಿ ಎಳೆದ.

“ನಂದಲ್ಲ ಸಾರ್ ಈ ರಕ್ತ,” ಎಂದರು ಬಾಬಾಜಾನ್. “ನಮ್ಮ ಕದರಪ್ಪಂದು.”

ಪಿಎಸ್‌ಐ ಜ್ಯೋತಿಲಕ್ಷ್ಮಿ ತಾವೇ ದೂರು ಬರೆದುಕೊಂಡರು. ಮಧುಗಿರಿ–ಪಾವಗಡ ರಸ್ತೆಯಲ್ಲಿ, ಮಿಡಿಗೇಶಿ ದಾಟಿದ ಮೇಲೆ ಬಾಬಾಜಾನರ ವೆಲ್ಡಿಂಗ್ ಅಂಗಡಿ. ದಿನವೂ ಶಟರ್ ಎತ್ತುವುದು ಅವರೇ. ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡುವವರಲ್ಲ. ಇವತ್ತು ಸಿರಾದಲ್ಲಿ ತಂಗಿಯ ಮಗಳ ನಿಕಾಹ್ ಇದ್ದುದರಿಂದ ನಿನ್ನೆ ಸಂಜೆ ಕೀಲಿಯನ್ನು ಹಳೆಯ ವೆಲ್ಡರ್ ಕದರಪ್ಪನಿಗೆ ಕೊಟ್ಟಿದ್ದರು. ಬೆಳಿಗ್ಗೆ ಕದರಪ್ಪ ಶಟರ್ ಎತ್ತಿದ. ಒಳಗೆ ಕಟ್ಟಿದ್ದ ಏನೋ ಸಿಡಿಯಿತು. ಬಸ್ಸಿಗೆ ಕಾಯುತ್ತಿದ್ದ ಬಾಬಾಜಾನ್ ಶಬ್ದ ಕೇಳಿ ಓಡಿದರು. ಕದರಪ್ಪನನ್ನು ಮಧುಗಿರಿಯಿಂದ ತುಮಕೂರಿಗೆ ಸಾಗಿಸಿದ್ದಾರೆ. ಬಲಗೈ, ಮತ್ತು ಎರಡೂ ಕಣ್ಣು.

“ಯಾರ ಮೇಲಾದರೂ ಅನುಮಾನ ಇದೆಯಾ?”

ಬಾಬಾಜಾನ್ ಜುಬ್ಬಾದ ತುದಿಯನ್ನು ಮಡಿಸಿ ಹಿಡಿದುಕೊಂಡರು. “ಹೆಸರು ಹೇಳಲ್ಲ ಮೇಡಂ. ಒಂದು ಸಾರಿ ಜನ ಹೇಳಿದ್ ಕೇಳ್ಕೊಂಡು ಒಬ್ಬನ ಹೊಟ್ಟೆ ಮೇಲೆ ಹೊಡ್ದಿದೀನಿ. ಕದರಪ್ಪ ಬೇಡ ಸಾಹೇಬ್ರೆ ಅಂದಿದ್ದ.”

“ನೀವು ಕೆಲಸ ಬಿಡಿಸಿದ ಅಂಬರೀಶನಾ?”

“ನೀವಂದ್ರಿ. ನಾನನ್ನಲಿಲ್ಲ.”

ಜ್ಯೋತಿಲಕ್ಷ್ಮಿ ಪೆನ್ನು ನಿಲ್ಲಿಸಿದರು. ಆ ಹೆಸರು ಅವರ ಮನಸ್ಸಿಗೆ ಬಂದದ್ದು ಬಾಬಾಜಾನ್ ಬಾಯಿ ತೆರೆಯುವ ಮೊದಲೇ, ಜುಬ್ಬಾ ಕಂಡಾಗಲೇ. ದೂರಿನಲ್ಲಿ ‘ಅಪರಿಚಿತ ವ್ಯಕ್ತಿಗಳು’ ಎಂದು ಬರೆದರು. ಸ್ಫೋಟಕ ವಸ್ತುಗಳ ಕಾಯ್ದೆ ಮತ್ತು ಕೊಲೆ ಯತ್ನದ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು.

ತುಮಕೂರಿನ ಬಾಂಬ್ ನಿಷ್ಕ್ರಿಯ ದಳ ಬಂದು ಅಂಗಡಿಯಲ್ಲಿ ಬೇರೇನೂ ಇಲ್ಲವೆಂದು ಹೇಳಿದ ಮೇಲೆ ಸ್ಥಳ ಪಂಚನಾಮೆ ಶುರುವಾಯಿತು. ಎದುರಿನ ಟೀ ಅಂಗಡಿಯವರು ಒಬ್ಬ ಪಂಚರು. ಇನ್ನೊಬ್ಬರು ಸಿಗಲು ಅರ್ಧ ಗಂಟೆ ಹಿಡಿಯಿತು. ಶಟರ್ ಹೊರಗಿನ ಬೀಗವನ್ನು ಯಾರೂ ಒಡೆದಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಮೂಡಲಗಿರಿಯಪ್ಪ ಅಂಗಡಿಯ ಹಿಂದಕ್ಕೆ ಹೋಗಿ ಅಲ್ಲಿಂದಲೇ ಕರೆದರು.

“ಈ ತಗಡು ನೋಡಿ ಮೇಡಂ. ಬೋಲ್ಟ್ ಬಿಚ್ಚಿ ಒಳಕ್ಕೋಗಿ, ವಾಪಸ್ ಬಂದು ತಿರ್ಗಾ ನೀಟಾಗಿ ಬಿಗಿದವ್ನೆ. ಕಳ್ಳ ಆಗಿದ್ರೆ ಅಂಗೇ ಬುಟ್ಟೋಗೋನು.”

“ಒಳಗೆ ಕೆಲಸ ಮಾಡಿದವನು.”

“ಚೆನ್ನಾಗಿ ಕಲ್ತೋನು.”

ಅವಶೇಷದಲ್ಲಿ ಜಿಲೆಟಿನ್ ಕಡ್ಡಿಯ ಹೊದಿಕೆಯ ಚೂರು ಸಿಕ್ಕಿತು. ಅದರ ಮೇಲಿನ ನಂಬರಿನ ಸರಕು ಕೊರಟಗೆರೆ ಕಡೆಯ ಒಂದು ಕಲ್ಲು ಕ್ವಾರಿಗೆ ಹೋಗಿತ್ತು. ಫೋನಿನಲ್ಲಿ ಕ್ವಾರಿಯ ಮ್ಯಾನೇಜರ್, “ನಮ್ಮಲ್ಲಿ ಒಂದು ಕಡ್ಡೀನೂ ಕಮ್ಮಿ ಇಲ್ಲ ಸಾರ್,” ಎಂದ.

“ಗೋಡೌನ್ ಬಾಗ್ಲೂ ತೆಗೀದೆ ಹೇಳ್ಬುಟ್ಟ ನೋಡಿ, ಗಟ್ಟಿಗ,” ಎನ್ನುತ್ತಾ ಮೂಡಲಗಿರಿಯಪ್ಪ ಬೈಕ್ ಹತ್ತಿ ಕೊರಟಗೆರೆಯ ಕಡೆ ಹೊರಟರು. ಜ್ಯೋತಿಲಕ್ಷ್ಮಿ ಮಹಿಳಾ ಕಾನ್‌ಸ್ಟೇಬಲ್ ಸುನಿತಾಳನ್ನು ಕರೆದುಕೊಂಡು ಅಂಬರೀಶನ ಊರಾದ ಕರೇಕಲ್ಲಹಟ್ಟಿಗೆ ಜೀಪು ತಿರುಗಿಸಲು ಹೇಳಿದರು.

ಆ ಹಟ್ಟಿಗೆ ಅವರು ಮೊದಲು ಹೋಗಿದ್ದು ಕಳೆದ ವರ್ಷ, ಸರ್ಕಾರದ ಸುತ್ತೋಲೆಯ ಪ್ರಕಾರ ಉಗ್ರವಾದ ತಡೆ ಜಾಗೃತಿ ಸಭೆ ನಡೆಸಲು. ಡೇರಿಯ ಜಗಲಿಯ ಮೇಲೆ ನಿಂತು ಹೇಳಿದ್ದರು: ಮಕ್ಕಳ ಫೋನಿನಲ್ಲಿ ಹೊಡಿ ಬಡಿ ಅನ್ನುವ ಗುಂಪುಗಳು ಕಂಡರೆ, ಮುಖ ಕಾಣದವರು ಯಾರೋ ಸೇರಿಸಿಕೊಳ್ಳುತ್ತಿದ್ದರೆ, ಬೇಗ ಬಂದು ನಮಗೆ ಹೇಳಿ. ಕೇಸ್ ಹಾಕಲ್ಲ. ಕೂತು ಮಾತಾಡ್ತೀವಿ.

ಬಂದವಳು ಒಬ್ಬಳೇ. ಸಣ್ಣಕ್ಕ ಮಗನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಠಾಣೆಗೆ ತಂದಳು. ಅಂಬರೀಶನ ಫೋನಿನಲ್ಲಿ ಸಾಬರ ಅಂಗಡಿಗಳಿಗೆ ಬೆಂಕಿ ಹಚ್ಚುವ ಮಾತು, ಅದರ ಕೆಳಗೆ ನೂರಾರು ಜೈಕಾರಗಳಿದ್ದವು. ಅವನೇನೂ ಮಾಡಿರಲಿಲ್ಲ. ಕೇಸ್ ಹಾಕಲಿಲ್ಲ, ಆ ಮಾತು ಉಳಿಯಿತು. ತುಮಕೂರಿನಿಂದ ಆಪ್ತ ಸಮಾಲೋಚಕರು ಎರಡು ಸಲ ಠಾಣೆಯ ಜೀಪಿನಲ್ಲಿ ಅವನ ಮನೆ ಬಾಗಿಲಿಗೇ ಬಂದರು. ಆಮೇಲೆ ಅವರನ್ನು ಬೇರೆ ಕೆಲಸಕ್ಕೆ ನಿಯೋಜಿಸಲಾಯಿತು. ಉಳಿದದ್ದು ವಾರಕ್ಕೊಮ್ಮೆ ಬಂದು ಸಹಿ ಹಾಕುವುದು. ಯಾವ ದಿನ ಎಂದು ರೈಟರ್ ಕೇಳಿದಾಗ ಜ್ಯೋತಿಲಕ್ಷ್ಮಿ, “ಭಾನುವಾರ ಹೇಗೂ ರೌಡಿ ಪರೇಡ್ ಇರುತ್ತಲ್ಲ, ಅದರ ಜೊತೆಗೇ ಆಗಲಿ,” ಎಂದಿದ್ದರು. ಸಿಬ್ಬಂದಿ ಕಡಿಮೆ ಇತ್ತು.

ಮೊದಲ ಭಾನುವಾರ ಠಾಣೆಯ ಬೆಂಚಿನ ಮೇಲೆ ರೌಡಿ ಪಟ್ಟಿಯ ನವೀನ್ ಕುಮಾರ್ ಪಕ್ಕಕ್ಕೆ ಸರಿದು ಜಾಗ ಕೊಟ್ಟು ಕೇಳಿದ್ದ: “ಏನ್ಲಾ ಹೊಸಬ, ಯಾವ್ ಕೇಸು?”

“ಕೇಸಿಲ್ಲ ಅಣ್ಣ.”

“ಕೇಸೇ ಇಲ್ದೆ ವಾರವಾರ ಕರೀತಾರಾ? ಅಂಗಾದ್ರೆ ನಮ್ಗಿಂತ ದೊಡ್ಡೋನು ಕಣ್ಲಾ ನೀನು.”

ಬೆಂಚೆಲ್ಲ ನಕ್ಕಿತ್ತು. ಒಳಗಿದ್ದ ಸಿಬ್ಬಂದಿಯೂ ನಕ್ಕಿದ್ದರು. ಯಾರೋ ಮೊಬೈಲಿನಲ್ಲಿ ಹಿಡಿದ ಆ ವಿಡಿಯೊ ವಾರದೊಳಗೆ ಮಿಡಿಗೇಶಿಯಿಂದ ಸಿರಾವರೆಗೆ ಹರಿದಾಡಿತು. ಅದರ ಮೇಲೆ ‘ಭಯೋತ್ಪಾದಕ’ ಎಂದು ಬರೆದಿತ್ತು. ಹುಡುಗನನ್ನು ನೋಡಲು ಬರಬೇಕಿದ್ದ ಹೆಣ್ಣಿನ ಕಡೆಯವರು ಬರಲಿಲ್ಲ. ಬಾಬಾಜಾನ್ ಕೆಲಸ ಬಿಡಿಸಿದರು.

ಇವತ್ತು ಜ್ಯೋತಿಲಕ್ಷ್ಮಿ ಜೀಪನ್ನು ಹಟ್ಟಿಯ ಆಚೆ, ಹೊಂಗೆ ಮರದ ಕೆಳಗೆ ನಿಲ್ಲಿಸಿ ನಡೆದು ಬಂದರು. ಸಣ್ಣಕ್ಕ ಬಾಗಿಲಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಜೀಪು ಯಾಕೆ ದೂರ ನಿಲ್ಸಿದ್ರಿ? ಅವತ್ತು ಬಾಗ್ಲಿಗೇ ತಂದಿದ್ರಲ್ಲ.”

“ಅಂಬರೀಶ ಎಲ್ಲಿ ಸಣ್ಣಕ್ಕ?”

“ಕೆಲ್ಸಕ್ಕೋಗವ್ನೆ.”

“ಎಲ್ಲಿಗೆ?”

“ಕರೆದ ಕಡೀಕೆ. ಈಗ ಕರೆಯೋರಾದ್ರೂ ಯಾರವ್ರೆ.”

“ನಿನ್ನೆ ರಾತ್ರಿ ಮನೆಯಲ್ಲಿದ್ದನಾ?”

“ಇದ್ದ. ಇಲ್ಲೇ, ನನ್ ಪಕ್ದಾಗೆ ಮಲ್ಗಿದ್ದ. ಯಾವ ದೇವ್ರ ಮೇಲಾದ್ರೂ ಆಣೆ ಇಡ್ತೀನಿ.”

ಆಗಲೇ ಮೂಡಲಗಿರಿಯಪ್ಪನವರ ಫೋನ್ ಬಂತು. ಕ್ವಾರಿಯ ದಾಸ್ತಾನು ಎಣಿಸಿದ್ದಾಯಿತು; ಜಿಲೆಟಿನ್ ಕಡ್ಡಿಗಳೂ ಅವನ್ನು ಸಿಡಿಸುವ ಕೇಪುಗಳೂ ಕಮ್ಮಿ ಇವೆ. ಅಂಬರೀಶ ಹೋದ ಶನಿವಾರದವರೆಗೆ ಅಲ್ಲಿ ಸಿಡಿಮದ್ದಿಗೆ ಬಂಡೆಯಲ್ಲಿ ಕುಳಿ ಹೊಡೆಯುವವರ ಜೊತೆ ಕೆಲಸಕ್ಕಿದ್ದ. ಲೈಸೆನ್ಸ್ ಹೋದೀತೆಂದು ಮ್ಯಾನೇಜರ್ ಯಾರಿಗೂ ಹೇಳಿರಲಿಲ್ಲ.

ಜ್ಯೋತಿಲಕ್ಷ್ಮಿ ಫೋನ್ ಇಟ್ಟು ಜಗಲಿಯ ಮೇಲೆ ಕೂತರು. “ಬಾಬಾಜಾನ್ ಅಂಗಡಿ ವಿಷಯ ಗೊತ್ತಾ?”

“ಏನೋ ಸಿಡೀತಂತೆ. ಗ್ಯಾಸೋ ಏನೋ.” ಸುತ್ತಿಗೆ ಎರಡೇಟು ಬಿತ್ತು. “ಸಾಬ್ರು ಉಳ್ಕಂಡ್ರಾ?”

“ಬಾಬಾಜಾನ್‌ಗೆ ಏನೂ ಆಗಿಲ್ಲ. ಶಟರ್ ಎತ್ತಿದ್ದು ಕದರಪ್ಪ.”

ಕದರಪ್ಪ ಬರಗೂರಿನವನು. ಬರಗೂರು ಸಣ್ಣಕ್ಕನ ತವರು. ಒಡಹುಟ್ಟಿದವನಲ್ಲದಿದ್ದರೂ ಗಂಡ ತೀರಿದ ಮೇಲೆ ಪ್ರತಿ ಗೌರಿ ಹಬ್ಬಕ್ಕೆ ಸೀರೆ ಹಿಡಿದು ಬರುತ್ತಿದ್ದವನು ಅವನೊಬ್ಬನೇ. ಅಂಬರೀಶನ ಕೈ ಹಿಡಿದು ವೆಲ್ಡಿಂಗ್ ಕಲಿಸಿದವನೂ ಅವನೇ.

“ಸುಳ್ಳು,” ಎಂದಳು ಸಣ್ಣಕ್ಕ, ಸುತ್ತಿಗೆ ನಿಲ್ಲಿಸಿ.

“ತುಮಕೂರಲ್ಲಿದ್ದಾನೆ. ಕಣ್ಣು ಬರಲ್ಲ ಅಂದಿದ್ದಾರೆ.”

“ಕೀಲಿ ಸಾಬ್ರ ತಾವಲ್ವಾ ಇರೋದು?”

ಸುನಿತಾ ಥಟ್ಟನೆ ಜ್ಯೋತಿಲಕ್ಷ್ಮಿಯವರ ಮುಖ ನೋಡಿದಳು. ಆ ಪ್ರಶ್ನೆ ದಾಖಲೆಗೆ ಹೋದರೆ ಈ ಹೆಂಗಸೂ ಆರೋಪಿಯಾಗುತ್ತಾಳೆ. ಜ್ಯೋತಿಲಕ್ಷ್ಮಿ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳದೇ ಇದ್ದದ್ದು ಸರಿಯೆಂದೂ ಅವರಿಗೆ ಅನ್ನಿಸಲಿಲ್ಲ. ಬಾಬಾಜಾನ್ ಸತ್ತಿದ್ದರೆ ಈ ತಾಯಿ ಸುತ್ತಿಗೆ ನಿಲ್ಲಿಸುತ್ತಿರಲಿಲ್ಲ. ಅದೂ ಅವರಿಗೆ ಕಾಣುತ್ತಿತ್ತು.

“ನಿನ್ಗೆ ಯಾವಾಗ ಗೊತ್ತಾಯ್ತು?”

“ಮೊನ್ನೆ. ಚೀಲ್ದಾಗೆ ನೋಡ್ದೆ. ಸಾಬ್ರಿಗೆ ಬುದ್ಧಿ ಕಲಿಸ್ತೀನಿ ಅಂದ.” ಅವಳು ಹುಣಸೆಯ ಅಂಟನ್ನು ಸೆರಗಿಗೆ ಒರೆಸಿದಳು. “ನಿಮ್ತಾವ್ಕೆ ಬರಾನ ಅಂತ ಬಸ್ ಸ್ಟಾಪ್‌ಗಂಟ ಬಂದಿದ್ದೆ ಕಣಮ್ಮ. ಬಸ್ಸೂ ಬಂತು.”

“ಮತ್ತೆ?”

“ಬೆಂಚು ಗ್ಯಾಪ್ಕ ಬಂತು.”

ಅವಳು ಈಗ ತಲೆ ಎತ್ತಿದಳು: “ಈಗ್ಲೂ ಯೋಳ್ತೀನಿ. ಆದ್ರೆ ಅವತ್ತು ಡೇರಿ ತಾವ ಅಂದ್ಯಲ್ಲ, ಕೇಸ್ ಹಾಕಲ್ಲ ಅಂತ. ಅಂಗೆ ಇನ್ನೊಂದ್ ಸಾರಿ ಅಂದ್ಬುಡು.”

ಜ್ಯೋತಿಲಕ್ಷ್ಮಿ ಹೊಂಗೆ ಮರದ ಕೆಳಗಿನ ಜೀಪಿನ ಕಡೆ ನೋಡಿದರು. ಸಣ್ಣಕ್ಕ ಕಾದಳು. ಕೊನೆಗೆ ಸುತ್ತಿಗೆಯನ್ನು ಪಕ್ಕಕ್ಕಿಟ್ಟು, “ನಮ್ಮಕ್ಕನ ಮನೇಲವ್ನೆ. ಪಾವಗಡದ್ ತಾವ, ಆ ಸೋಲಾರ್ ಪಕ್ಕ. ಓಗಿ,” ಎಂದಳು. “ಹೊಡೀಬೇಡ್ರಿ.”

ಸಂಜೆ ಐದಕ್ಕೆ ಪಾವಗಡ ಠಾಣೆಯ ಇಬ್ಬರು ಸಿಬ್ಬಂದಿಯೊಡನೆ ಅವರು ಆ ಮನೆಯನ್ನು ಮುಟ್ಟಿದರು. ಅಂಬರೀಶನ ದೊಡ್ಡಮ್ಮ ಚನ್ನಮಲ್ಲಮ್ಮ ಬಾಗಿಲಿಗೆ ಅಡ್ಡ ನಿಂತು, ಯಾರು ನೀವು, ಅವನೇನು ಮಾಡಿದ ಎಂದು ತೆಲುಗು ಬೆರೆಸಿ ಕೇಳಿದಳು. “ಎವರಮ್ಮಾ ಮೀರು? ಪೊಲೀಸಾ? ಅಯ್ಯೋ, ಏಂ ಚೇಶಾಡಮ್ಮಾ ನಮ್ ಹುಡ್ಗ? ಬಂದಾಗಿಂದ ಸುಮ್ಕೆ ಕೂತಿಲ್ಲ, ಮನೇಲಿ ಮುರುದಿರೋದೆಲ್ಲ ರಿಪೇರಿ ಮಾಡ್ತಾ ಅವ್ನೆ!”

ಅಂಬರೀಶ ಹಿತ್ತಲಲ್ಲಿ ಮಂಚದ ಕಾಲಿಗೆ ತಂತಿ ಬಿಗಿಯುತ್ತಿದ್ದ. ಓಡಲಿಲ್ಲ. ಇಕ್ಕಳವನ್ನು ಕೆಳಗಿಟ್ಟ.

“ನೀನೇನಾ?”

“ಹೂಂ.”

“ಯಾರು ಹೇಳಿದ್ರು?”

“ಅಣ್ಣ.”

“ಯಾವ ಅಣ್ಣ? ಹೆಸರು?”

“ಗೊತ್ತಿಲ್ಲ. ಫೋನಲ್ಲೇ. ಕೆಲ್ಸ ಆದ್ಮೇಲೆ ಫೋನ್ ಬಾವಿಗೆ ಹಾಕು ಅಂದ್ರು. ಹಾಕ್ದೆ.”

“ಮುಖ ನೋಡದವರ ಮಾತು ಕೇಳಿ ಇಷ್ಟು ಮಾಡಿದ್ಯಾ?”

“ದಿನಾ ಮೆಸೇಜ್ ಹಾಕೋರು ಮೇಡಂ, ಊಟ ಆಯ್ತೇನೋ ಅಂತ. ವಿಡಿಯೊ ಬಂದ್ಮೇಲೆ ಅವ್ರೊಬ್ರೇ ಮಾತಾಡ್ಸಿದ್ದು.” ಅವನು ನೆಲ ನೋಡಿದ. “ಸಾಬ್ರು ಹೋದ್ರಾ?”

“ಶಟರ್ ಎತ್ತಿದ್ದು ಕದರಪ್ಪ.”

“ಇಲ್ಲ,” ಎಂದ ಅಂಬರೀಶ, ತಪ್ಪು ತಿದ್ದುವವನ ಹಾಗೆ. “ಕೀಲಿ ಮಾವನ ಹತ್ರ ಇರಲ್ಲ.”

ದಸ್ತಗಿರಿ ಮೆಮೊ ಬರೆಯುವಾಗಲೂ ಅದನ್ನೇ ಹೇಳಿದ. ಜೀಪು ಸೋಲಾರ್ ಫಲಕಗಳ ಪಕ್ಕದಲ್ಲಿ ಹೋಗುವಾಗ ಇನ್ನೊಮ್ಮೆ ಹೇಳಿದ. ಮಿಡಿಗೇಶಿ ಬೆಟ್ಟ ಕಂಡ ಮೇಲೆ ಸುಮ್ಮನಾದ.

ಮೇಲಧಿಕಾರಿಗಳು ಯುಎಪಿಎ ಸೇರಿಸಲು ಸೂಚಿಸಿದರು. ಪತ್ರಿಕೆಗಳಲ್ಲಿ ‘ಸಂಚು ಬಯಲು’ ಎಂದು ಬಂತು. ಬಾವಿಯಿಂದ ತೆಗೆಸಿದ ಫೋನಿನಿಂದ ಅಣ್ಣನ ಬಗ್ಗೆ ತಿಳಿದದ್ದು ಇಷ್ಟೇ: ಆ ಖಾತೆ ಅಳಿಸಿಹೋಗಿದೆ, ಅದರ ಸಿಮ್ ಬೇರೆ ರಾಜ್ಯದ ಒಬ್ಬ ಸತ್ತ ಮುದುಕನ ಹೆಸರಿನಲ್ಲಿದೆ. ಕದರಪ್ಪನ ಹೇಳಿಕೆ ಪಡೆಯಲು ಹೋದಾಗ ಅವನು ಕೇಳಿದ್ದು ಒಂದೇ ಮಾತು: “ಬೋಲ್ಟ್ ತಿರ್ಗಾ ಬಿಗಿದಿದ್ನಂತಲ್ಲ, ದಿಟವಾ ಮೇಡಂ? ಬಿಚ್ಚಿದ್ನ ಬಿಗೀಬೇಕು ಕಣ್ಲಾ ಅಂತ ನಾನೇ ಹೇಳ್ಕೊಟ್ಟಿದ್ದೆ.”

ದೋಷಾರೋಪಣ ಪಟ್ಟಿಯಲ್ಲಿ ಕೃತ್ಯದ ಉದ್ದೇಶ: ಮತದ್ವೇಷ, ಮತ್ತು ಕೆಲಸದಿಂದ ತೆಗೆದ ಸೇಡು. ಅದು ಸುಳ್ಳಲ್ಲ. ಮಗನನ್ನು ಉಳಿಸಿಕೊಳ್ಳಲು ತಾಯಿಯೇ ಅವನನ್ನು ಠಾಣೆಗೆ ತಂದಿದ್ದಳು ಎಂಬುದನ್ನು ಜ್ಯೋತಿಲಕ್ಷ್ಮಿ ಕೊನೆಯ ಪ್ಯಾರಾದಲ್ಲಿ ಬರೆದಿದ್ದರು. ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ ಎಂದು ಮೇಲಿನಿಂದ ಗೆರೆ ಎಳೆದು ವಾಪಸ್ ಬಂತು.

ಮುಂದಿನ ತಿಂಗಳ ಜಾಗೃತಿ ಸಭೆ ದೊಡ್ಡೇರಿ ಹೋಬಳಿಯ ಒಂದು ಹಳ್ಳಿಯಲ್ಲಿ. ಮುದ್ರಿಸಿ ಕಳಿಸಿದ ಮಾತುಗಳು ಅವೇ. ‘ಕೇಸ್ ಹಾಕುವುದಿಲ್ಲ’ ಎಂಬ ಸಾಲನ್ನೂ ಜ್ಯೋತಿಲಕ್ಷ್ಮಿ ಓದಿದರು. ಓದುವಾಗ ಯಾರ ಮುಖವನ್ನೂ ನೋಡಲಿಲ್ಲ. ಫೋಟೊ ತೆಗೆದದ್ದಾಯಿತು. ಹೆಂಗಸರು ಎದ್ದು ಹೋದರು.

ಒಬ್ಬಳು ಉಳಿದಳು. ಸೆರಗಿನಡಿ ಹರೆಯದ ಹುಡುಗರು ಹಿಡಿಯುವಂಥ ದೊಡ್ಡ ಮೊಬೈಲೊಂದನ್ನು ಅವುಚಿಕೊಂಡು ಜೀಪಿನ ಹತ್ತಿರ ಬಂದು ನಿಂತಳು. ಜ್ಯೋತಿಲಕ್ಷ್ಮಿ ಇಳಿದರು.

“ಏನಮ್ಮಾ? ಹೇಳಿ.”

ಆ ಹೆಂಗಸು ಜೀಪನ್ನು ನೋಡಿದಳು. ಅದರ ಹಿಂಭಾಗದ ಉದ್ದನೆಯ ಬೆಂಚನ್ನು ನೋಡಿದಳು.

“ಏನಿಲ್ಲ ಕಣಮ್ಮ. ಮಧುಗಿರಿ ಬಸ್ಸು ಹೊಂಟೋಯ್ತಾ ಅಂತ ಕೇಳಾನ ಅಂತ.”

ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರ್ ಬಾಗಿಲು ಬಡಿದು ಕರೆಯುತ್ತಿದ್ದ. ಅವಳು ಅದನ್ನು ಹತ್ತದೆ, ಹಿಂತಿರುಗಿ ಊರೊಳಕ್ಕೆ ನಡೆದುಹೋದಳು.