ಕಾರ್ಯದರ್ಶಿಗಳು ಕೇಳದೆ ಬಿಟ್ಟಿದ್ದು

ರೇವಣಸಿದ್ದಪ್ಪ ನಮ್ಮ ಮನೆಗೆ ಮೂರನೆಯ ಸಲ ಬಂದಾಗ ನನಗೆ ತಲೆ ಕೆಟ್ಟುಹೋಯಿತು. ಯಲ್ಲದಕೆರೆಯ ಸಹಕಾರ ಸಂಘಕ್ಕೆ ಅವರು ಹೊಸ ಕಾರ್ಯದರ್ಶಿ. ಅಲ್ಲಿಯವರೆಗೆ ಸಂಘದಲ್ಲಿ ಗಂಟಲು ಜೋರಿದ್ದವರು ಹೇಳಿದ್ದೇ ತೀರ್ಮಾನ. ಹಾಗೆ ತರಿಸಿದ ಬಿತ್ತನೆ ಬೀಜ ಹೋದ ವರ್ಷ ಮೊಳೆಯಲೇ ಇಲ್ಲ. ಈಗ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ತರಿಸುವ ಮಾತು ಎದ್ದಿತ್ತು. ಆ ಕೆಲಸ ಮಾಡುವ ಹೆಂಗಸರನ್ನು ಮನೆಮನೆಗೂ ಹೋಗಿ ಕೇಳದೆ ತೀರ್ಮಾನ ಬೇಡವೆಂದು ಇವರು ಹಟ ಹಿಡಿದಿದ್ದರು.

"ದಿನಕ್ಕೆ ಎಷ್ಟು ಹತ್ತಿ ಬಿಡಿಸ್ತೀರಿ?"

"ಹೋದ್ಸಲಾನೂ ಇದನ್ನೇ ಕೇಳಿದ್ರಿ."

"ಎರಡು ಸಲ ಕೇಳಿ ತಾಳೆ ನೋಡ್ಬೇಕು."

"ಇದು ಮೂರನೇದು."

ಅವರು ಪುಸ್ತಕ ತಿರುವಿದರು. ಸೀಸದ ಕಡ್ಡಿ ಕಿವಿಯ ಮೇಲೆಯೇ ಇತ್ತು. ನನ್ನ ಬೆರಳಿಗಂಟಿದ ಹತ್ತಿಯ ಎಳೆಯನ್ನೇ ನೋಡುತ್ತಾ ಕುಳಿತರು, ಒಂದಕ್ಷರ ಬರೆಯಲಿಲ್ಲ.

ಪಕ್ಕದ ಮನೆಯ ಕಾಳಕ್ಕನನ್ನು ವಿಚಾರಿಸಿದೆ. "ನಮ್ಮನೇಗೆ ಒಂದೇ ಸಲ ಬಂದಿದ್ದು ಕಣೆ" ಅಂದಳು. ಹಾಗಾದರೆ ಇವರು ಸಂಘಕ್ಕಾಗಿ ಬರುತ್ತಾರೋ, ನನಗಾಗಿಯೋ? ಬಾರದ ದಿನ ನಾನೇಕೆ ಬೀದಿ ನೋಡುತ್ತೇನೆ? ಒಂದೂ ಬಗೆಹರಿಯಲಿಲ್ಲ.

ಸೋಮವಾರ ಅಪ್ಪಯ್ಯ ಸಂಘದ ಸಭೆ ಮುಗಿಸಿ ಬಂದರು. "ಹೆಂಗಸರೆಲ್ಲ ಬೇಕಂದವ್ರೆ, ಯಂತ್ರ ತರ್ಸಾಣ ಅಂತಾತು. ಹಂಗೇ ಸರ್ವಮಂಗಳ, ರೇವಣಸಿದ್ದಪ್ಪ ನಿನ್ನನ್ನ ಮದುವೆಗೆ ಕೇಳಿದ್ರು. ಆಗ್ಲಿ ಅಂದೀನಿ."

ಸಂತೋಷವಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಯಾವುದು ಹೆಚ್ಚೆಂದು ನನಗೇ ತಿಳಿಯಲಿಲ್ಲ.

ಮರುದಿನ ಅವರು ನಗುನಗುತ್ತಾ ಬಂದರು. ನಾನು ಕುಂತ್ಕಳ್ರಿ ಅನ್ನಲಿಲ್ಲ.

"ಯಂತ್ರಕ್ಕೆ ನಲವತ್ತು ಮನೆ ಹೆಂಗಸರನ್ನ ಕೇಳಿದ್ರಿ. ನನ್ನ ಮದುವೆಗೆ ಯಾರನ್ನ ಕೇಳಿದ್ರಿ?"

"ನಿಮ್ಮಪ್ಪಾರನ್ನ."

"ನಿಮ್ಮನೇಲಿ ಬಾಳ್ವೆ ಮಾಡೋದು ನಮ್ಮಪ್ಪಾರಾ?"

ಅವರ ಮುಖ ಇಳಿದುಹೋಯಿತು. ಹೊರಟೇ ಬಿಟ್ಟರೆ ಗತಿಯೇನು ಎಂದು ಹೆದರಿದೆ. ಅವರು ಹೋಗಲಿಲ್ಲ. ಜಗಲಿಯ ಅಂಚಿಗೆ ಕುಳಿತು, ಹೊಸ ಹಾಳೆ ತೆಗೆದು, ಮೇಲೆ ನನ್ನ ಹೆಸರು ಬರೆದರು.

"ತಪ್ಪಾತು. ಈಗ ಕೇಳ್ತೀನಿ. ನನ್ನ ಮದುವೆ ಆಗ್ತೀರಾ? ಬ್ಯಾಡ ಅಂದ್ರೆ ನಿಮ್ಮಪ್ಪಾರಿಗೆ ನಾನೇ ಹೇಳ್ತೀನಿ."

ಇಷ್ಟು ದಿನ ಕಲಸಿಹೋಗಿದ್ದ ಮನಸ್ಸು ಆಗ ತಿಳಿಯಾಯಿತು.

"ಆಗ್ತೀನಿ. ಬರ್ಕಳ್ರಿ."

ಬರೆಯಹೋದರು. ಒತ್ತಿದ ರಭಸಕ್ಕೆ ಕಡ್ಡಿಯ ಮೊನೆ ಮುರಿಯಿತು.

"ಇರ್ಲಿ ಬಿಡ್ರಿ," ಎಂದೆ. "ನಾಳೆ ಬಂದು ಇನ್ನೊಂದ್ಸಲ ಕೇಳ್ರಿ. ತಾಳೆ ನೋಡ್ಬೇಕಲ್ಲ."