ಡಕೋಟಾದ ಎರಡನೇ ಗಾಲಿ

“ಉಬ್ಬಾಕತ್ತದ! ಸಪ್ನಾ, ಉಬ್ಬಾಕತ್ತದ ನೋಡ ಬೇ!”

ಗೆಳತಿ ಗುಲಫಶಾ ಕಿರುಚಿಕೊಂಡು ಹಿಂದೆ ಸರಿದಳು. ಸಪ್ನಾ ಮಾತ್ರ ನಿಂತಲ್ಲೇ ನಿಂತಿದ್ದಳು. ಧೈರ್ಯದಿಂದೇನೂ ಅಲ್ಲ, ಕಾಲು ಕಿತ್ತಿಡಲು ಬರಲಿಲ್ಲ, ಅಷ್ಟೇ.

ಮೇಜಿನ ಮೇಲೆ ದಾರ ಸುತ್ತಿ ಕಟ್ಟಿದ ನೀಲಿ ರಬ್ಬರಿನ ಅಚ್ಚು ಇತ್ತು. ಅದರ ಬಾಯಿಂದ ಹಳದಿ ನೊರೆ ಬುಸುಬುಸು ಏರಿ ಬರುತ್ತಿತ್ತು. ಒಲೆಯ ಮೇಲಿನ ಹಾಲು ಉಕ್ಕಿದರೆ ಉರಿ ಸಣ್ಣ ಮಾಡಬಹುದು. ಇದಕ್ಕೆ ಉರಿಯೇ ಇಲ್ಲ, ಏನು ಸಣ್ಣ ಮಾಡುವುದು? ನೊರೆ ಏರಿತು, ವಾಲಿತು, ಹಾಗೇ ಗಟ್ಟಿಯಾಗಿ ನಿಂತಿತು.

“ಇದು ಗಾಲಿ ಏನ್?” ಎಂದಳು ಗುಲಫಶಾ.

“ಇನ್ನೂ ಆಗಾಕತ್ತದ.”

“ಗಾಲಿ ಆಗಾಕತ್ತದೋ, ಪಾವ್ ಆಗಾಕತ್ತದೋ? ಚಹಾ ತರ್ಲೇನು, ಅದ್ದಿ ತಿನ್ನಾಕ?”

ಸಪ್ನಾ ದಾರ ಬಿಚ್ಚಿ ಅಚ್ಚು ತೆರೆದಳು. ಒಳಗಿದ್ದದ್ದಕ್ಕೆ ತುಂಬ ತೂತು. ಬೆರಳು ತಾಗಿದ ಕೂಡಲೇ ಖಾರಿ ಬಿಸ್ಕತ್ತಿನಂತೆ ಉದುರಿತು. ರೆಸಿನ್ ಬಾಟಲಿಗಳನ್ನು ಬೋರಲು ಹಿಡಿದು ಅಲ್ಲಾಡಿಸಿದಳು. ಒಂದು ಹನಿಯೂ ಬೀಳಲಿಲ್ಲ.

ಸಪ್ನಾಳ ಕಾಕಾ ಅನೀಲಕುಮಾರನಿಗೆ ಆಳಂದದಲ್ಲಿ ಚಷ್ಮಾದ ಅಂಗಡಿ. ಮನೆಯ ಮುಂದಿನ ಖೋಲಿಯೇ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಅಲ್ಲೇ ಕೂತು ಒಂದು ವಿಮಾನ ಮಾಡುತ್ತಿದ್ದ. ತುಂಡುಗಳು ಡಬ್ಬಿಯಲ್ಲಿ ತಯಾರಾಗಿ ಬರುವ ವಿಮಾನವಲ್ಲ, ಎಲ್ಲವೂ ಕೈಯಾರೆ ಮಾಡಿದ್ದು. ಹೊಟ್ಟೆಗೆ ಪಿವಿಸಿ ಪೈಪು. ರೆಕ್ಕೆಗೆ ಬ್ಯಾನರ್ ಅಂಗಡಿಯವರು ಬಿಸಾಕಿದ ಹಗುರ ಸನ್‌ಬೋರ್ಡು ಹಾಳೆ. ಎಂಜಿನ್ನಿಗೆ ದಾರ ಸುತ್ತಿದ ಪೆನ್ನಿನ ರೀಫಿಲ್ಲು. ಹೊಸ ಫ್ರೇಮಿನ ಜೊತೆ ಸುಮ್ಮನೆ ಬರುವ ಪ್ಲಾಸ್ಟಿಕ್ ಗಾಜನ್ನು ಕತ್ತರಿಸಿ ಪೈಲಟ್‌ನ ಕಿಟಕಿ.

“ಇದರ ಹೆಸರು ಡಕೋಟಾ,” ಎಂದು ಅವನು ಮೊದಲ ದಿನವೇ ಹೇಳಿದ್ದ.

“ಡಕೋಟಾ ಅಂದ್ರ ಮಾದನಹಿಪ್ಪರಗಾ ಬಸ್ಸಲ್ಲೇನ್ರಿ?” ಎಂದು ಗುಲಫಶಾ ಕೇಳಿದ್ದಳು.

“ಅದಕ್ಕ ಇದರ ಹೆಸರು ಇಟ್ಟಾರ, ಅಷ್ಟೇ. ಇದು ಖರೇ ಹಾರತಿತ್ತು.”

ಈ ವಿಮಾನ ಅಫಜಲಪುರದ ಗಿರಾಕಿ, ಮುದುಕ ಭೀಮಶಾ ಮುತ್ಯಾನ ಸಲುವಾಗಿ. ಮುತ್ಯಾ ಹರೆಯದಲ್ಲಿ ವಾಯುಪಡೆಯಲ್ಲಿದ್ದವನು, ಡಕೋಟಾ ವಿಮಾನಗಳ ಕೆಲಸ ಮಾಡಿದವನು. ಈಗ ಅವನ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಭಾನುವಾರ ಹೊಸ ಚಷ್ಮಾ ಹಾಕಿಕೊಳ್ಳಲು ಬರುವವನಿದ್ದ. “ಚಷ್ಮಾ ಹಾಕ್ಕೊಂಡು ಮೊದಲ ನನ್ನ ಡಕೋಟಾ ನೋಡ್ತೇನಿ ನೋಡಪಾ,” ಎಂದು ಫೋನಿನಲ್ಲಿ ಹೇಳಿದ್ದ. “ತನ್ನ ಕಾಲ ಮ್ಯಾಲ ತಾ ನಿಂತಿರ್ತದ, ಬರ್ರಿ ಮುತ್ಯಾ,” ಎಂದು ಕಾಕಾ ಮಾತು ಕೊಟ್ಟಿದ್ದ.

ನಿಲ್ಲಬೇಕಾದರೆ ಮುಂದೆ ಎರಡು ದೊಡ್ಡ ಗಾಲಿ ಬೇಕು. ಕಾಕಾ ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ ಉಜ್ಜಿ ಒಂದು ಗಾಲಿ ಮಾಡಿದ. ಟೈರಿನ ಗೆರೆಗಳೂ ಎದ್ದು ಕಾಣುವಂತೆ ಮಾಡಿದ. ಥೇಟ್ ಅಂಥದೇ ಇನ್ನೊಂದನ್ನು ಕೈಯಲ್ಲಿ ಮಾಡುವುದು ಆಗದ ಮಾತು. ಅದಕ್ಕೇ ಆ ಗಾಲಿಯಿಂದ ರಬ್ಬರಿನ ಅಚ್ಚು ತೆಗೆದು, ಪುಣೆಯಿಂದ ರೆಸಿನ್ ತರಿಸಿದ. ಎರಡು ಬಾಟಲಿಯ ನೀರಿನಂಥ ಔಷಧಿಯನ್ನು ಸಮಸಮ ಬೆರೆಸಿ ಅಚ್ಚಿಗೆ ಹೊಯ್ದರೆ ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ. ಪರೀಕ್ಷೆ ಮಾಡಿ ನೋಡುವುದರಲ್ಲಿ ಬಹಳಷ್ಟು ಮುಗಿದು, ಒಂದೇ ಗಾಲಿಗೆ ಆಗುವಷ್ಟು ಉಳಿದಿತ್ತು.

ಶನಿವಾರ ಮುಂಜಾನೆ ಕಾಕಾ ಮುತ್ಯಾನ ಚಷ್ಮಾದ ಗಾಜು ತರಲು ಕಲಬುರಗಿಗೆ ಹೊರಟ. “ನಾ ಬಂದ ಮ್ಯಾಲ ಇಬ್ಬರೂ ಕೂಡಿ ಹಾಕೋಣು. ಅಲ್ಲಿತನಕ ಮುಟ್ಟಬ್ಯಾಡ,” ಎಂದು ಹೇಳಿಯೇ ಹೋದ.

ಸಪ್ನಾಳ ಕಿವಿ ‘ಹಾಕೋಣು’ ಎನ್ನುವಲ್ಲಿಗೆ ಕೆಲಸ ನಿಲ್ಲಿಸಿತ್ತು.

ಅವಳದೂ ಪೂರ್ತಿ ತಪ್ಪಲ್ಲ. ಆ ವಾರವಷ್ಟೇ ಗೌರಿ ಹುಣ್ಣಿಮೆ ಆಗಿತ್ತು. ಆರತಿಗೆ ಸಕ್ಕರೆ ಗೊಂಬೆ ಮಾಡುವಾಗ ಕಸ್ತೂರಿಬಾಯಿ ಆಯಿ ಮೊದಲ ಸಲ ಮೊಮ್ಮಗಳ ಕೈಗೆ ಸೌಟು ಕೊಟ್ಟಿದ್ದಳು. ಕಟ್ಟಿಗೆಯ ಅಚ್ಚನ್ನು ನೀರಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಸಕ್ಕರೆ ಅಂಟುತ್ತದೆ. ಆಮೇಲೆ ಎರಡು ಹೋಳು ಕೂಡಿಸಿ ದಾರ ಬಿಗಿದು, ಕುದಿಯುವ ಪಾಕ ಹೊಯ್ಯಬೇಕು. ಆಯಿ ಗಡಿಯಾರ ನೋಡುವವಳಲ್ಲ. ಕಣ್ಣು ಮುಚ್ಚಿ ರಾಗವಾಗಿ ಒಂದು ವಚನ ಹೇಳುವಳು. ವಚನ ಮುಗಿಯುವಷ್ಟರಲ್ಲಿ ಗೊಂಬೆ ಗಟ್ಟಿಯಾಗಿರುತ್ತಿತ್ತು. ಸಪ್ನಾ ಹೊಯ್ದ ನವಿಲಿನ ಒಂದು ಗರಿಯೂ ಮುರಿಯಲಿಲ್ಲ. ಓಣಿಯವರೆಲ್ಲ ಹೊಗಳಿದರು. ಅಂದಿನಿಂದ, ಜಗತ್ತಿನಲ್ಲಿ ಅಚ್ಚಿಗೆ ಹೊಯ್ಯುವಂಥದು ಏನಿದ್ದರೂ ಅದು ತನಗೆ ಗೊತ್ತು ಎಂದು ಸಪ್ನಾ ತಿಳಿದುಕೊಂಡಿದ್ದಳು.

ಹೀಗಾಗಿ ಅವಳು ಕಾಕಾನ ರಬ್ಬರ್ ಅಚ್ಚನ್ನೂ ಬೋಗುಣಿಯ ನೀರಿನಲ್ಲಿ ನೆನೆಹಾಕಿದಳು.

“ಬಾಟಲಿ ಮ್ಯಾಲ ನೀರಿನ ಹನಿ ಚಿತ್ರ ಹಾಕಿ, ಕಾಟು ಹೊಡದಾರಲ್ಲ ಬೇ,” ಎಂದು ಗುಲಫಶಾ ಆಗಲೇ ತೋರಿಸಿದ್ದಳು. “ನೀರು ನಕ್ಕೋ, ಬ್ಯಾಡ ಅಂತ ಇರ್ಬೇಕು.”

“ಅದು ಬಾಟಲಿ ಮಳ್ಯಾಗ ಇಡಬ್ಯಾಡ್ರಿ ಅಂತ. ನಾ ನವಿಲು ಮಾಡಿದಾಕಿ, ನನಗ ಹೇಳಾಕ ಬರ್ತಿಯೇನು?”

ನವಿಲು ಮಾಡಿದಾಕಿಯ ಮುಂದೆ ಈಗ ಹಳದಿ ಪಾವ್ ಕೂತಿತ್ತು.

“ಅತ್ತುಬಿಡು,” ಎಂದಳು ಗುಲಫಶಾ ಮೆತ್ತಗೆ. “ಕಾಕಾ ಬಂದ ಕೂಡ್ಲೇ ಅತ್ತುಬಿಡು. ನಾನೂ ಸ್ವಲ್ಪ ಅಳ್ತೇನಿ.”

ಬುದ್ಧಿವಂತರು ಒಂದು ತಪ್ಪು ಮಾಡಿ ಅಳುತ್ತಾರೆ. ಅತಿ ಬುದ್ಧಿವಂತರು ಎರಡನೆಯದಕ್ಕೆ ಒಲೆ ಹಚ್ಚುತ್ತಾರೆ. ಸಪ್ನಾ ಅಡುಗೆಮನೆಗೆ ನಡೆದಳು.

“ಏನ್ ಮಾಡಾಕತ್ತೀ ಬೇ ಒಲಿ ಮುಂದ?” ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಆಯಿ ಕೂಗಿ ಕೇಳಿದಳು.

“ಚಹಾ, ಆಯಿ!”

ಪಾಕ ಕುದಿಯಿತು. ಅಚ್ಚಿನ ಮೂಲೆ ಮೂಲೆಯಲ್ಲಿ ಸಿಕ್ಕಿದ್ದ ನೊರೆಯನ್ನು ಗುಲಫಶಾ ಸೂಜಿಯಿಂದ ತೆಗೆದುಕೊಟ್ಟಳು. ಸಪ್ನಾ ಪಾಕ ಹೊಯ್ದಳು. ಆಯಿ ಹೇಳುವ ವಚನ ಅರ್ಧವೇ ನೆನಪಿಗೆ ಬಂತು, ಅದನ್ನೇ ಎರಡು ಸಲ ಹೇಳಿದಳು. ಅಚ್ಚು ಬಿಚ್ಚಿದರೆ ಗಾಜಿನಂಥ ಗಾಲಿ! ಟೈರಿನ ಒಂದೊಂದು ಗೆರೆಯೂ ಮೂಡಿತ್ತು. ಆರಿದ ಮೇಲೆ ಕಾಕಾನ ಡಬ್ಬಿಯ ಕಪ್ಪು ಪೇಂಟು ಬಳಿದು, ಎರಡೂ ಗಾಲಿಗಳನ್ನು ವಿಮಾನಕ್ಕೆ ಅಂಟಿಸಿದಳು. ಡಕೋಟಾ ತನ್ನ ಕಾಲ ಮೇಲೆ ತಾನು ನಿಂತಿತು.

“ಸೂಪರ್ ಬೇ! ಯಾವುದು ಖರೇ, ಯಾವುದು ಸಕ್ಕರಿ, ಗೊತ್ತೇ ಆಗಂಗಿಲ್ಲ,” ಎಂದಳು ಗುಲಫಶಾ. ಆಮೇಲೆ ದನಿ ತಗ್ಗಿಸಿದಳು. “ಕಾಕಾಗ ಹೇಳ್ತೀ ಇಲ್ಲ?”

“ಹೇಳ್ತೇನಿ. ಮುತ್ಯಾ ಬಂದು ಹೋಗಲಿ.”

ಸಂಜೆ ಕಾಕಾ ಬಂದ. ಚೀಲ ಇಳಿಸುವ ಮುಂಚೆಯೇ ವಿಮಾನ ನೋಡಿದ. ಹುಬ್ಬು ಗಂಟಾಯಿತು. ಬಗ್ಗಿ ಸಮೀಪದಿಂದ ನೋಡಿದ. ಗಂಟು ಬಿಚ್ಚಿತು.

“ಮುಟ್ಟಬ್ಯಾಡ ಅಂದಿದ್ದೆ. ಬೈಬೇಕು ನಿನಗ. ಆದ್ರ ಇಷ್ಟು ಛಂದ ಮಾಡಿದ ಮ್ಯಾಲ ಹೆಂಗ ಬೈಲಿ? ಶಾಬಾಸ್! ನಾಳೆ ಮುತ್ಯಾಗ ನಿನ್ನ ಹೆಸರೇ ಹೇಳ್ತೇನಿ.”

ಆ ‘ಶಾಬಾಸ್’ ಕೇಳಿದ ಮೇಲೆ ಸಪ್ನಾ ರಾತ್ರಿಯ ಊಟದಲ್ಲಿ ಅರ್ಧ ರೊಟ್ಟಿಯನ್ನೂ ಮುಗಿಸಲಿಲ್ಲ.

ಭಾನುವಾರ ಭೀಮಶಾ ಮುತ್ಯಾ ಬಂದ. ಬಿಳಿ ಧೋತರ, ತಲೆಗೆ ಪಟಕಾ, ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ಕರಿ ಚಷ್ಮಾ. ಅಂಗಡಿಯ ಬಾಗಿಲಲ್ಲಿ ಗುಲಫಶಾ ಆಗಲೇ ಬಂದು ನಿಂತಿದ್ದಳು. ಕಾಕಾ ಕರಿ ಚಷ್ಮಾ ತೆಗೆದು, ಹೊಸದನ್ನು ಮುತ್ಯಾನ ಕಿವಿಗೆ ಮೆಲ್ಲಗೆ ಏರಿಸಿದ.

ಮುತ್ಯಾ ಕಣ್ಣು ಪಿಳಿಪಿಳಿ ಮಾಡಿದ. ಗೋಡೆಯ ಕ್ಯಾಲೆಂಡರ್ ನೋಡಿದ. ಸಪ್ನಾಳನ್ನು ನೋಡಿದ. “ಏನ್ ಬೇ, ನಿನಗ ಒಂದು ಹಲ್ಲು ಕಡಿಮಿ ಅದಲಾ!” ಎಂದು ನಕ್ಕ. ಆಮೇಲೆ ಮೇಜಿನ ಕಡೆ ತಿರುಗಿದ.

ಅವನ ನಗು ನಿಂತಿತು. ಮೂಗು ವಿಮಾನಕ್ಕೆ ತಾಗುವಷ್ಟು ಬಗ್ಗಿದ.

“ಈ ಕಡೆ ಗಾಲಿ ನಾ ಮಾಡಿದ್ದು. ಆ ಕಡೆದು ನಮ್ಮ ಸಪ್ನಾ ಮಾಡಿದ್ದು, ನೋಡ್ರಿ,” ಎಂದ ಕಾಕಾ.

ಮುತ್ಯಾ ಆ ಕಡೆಯ ಗಾಲಿ ನೋಡಿದ. ಚಷ್ಮಾ ಸರಿಮಾಡಿಕೊಂಡು ಮತ್ತೆ ನೋಡಿದ.

“ಅನೀಲಪ್ಪಾ, ಇದೇನೋ ಗಡಬಡ ಅದ. ಗಾಲಿ ತಿರಗಾಕತ್ತದ.”

“ಹೆಂಗ ತಿರಗ್ತದ್ರಿ? ಅಂಟಿಸ್ಯಾರ ಅದನ್ನ.” ಕಾಕಾ ಮುತ್ಯಾನ ಚಷ್ಮಾ ತೆಗೆದು, ಉಸಿರು ಊದಿ, ಒರೆಸಿ ಮತ್ತೆ ಹಾಕಿದ.

“ಈಗ ಇನ್ನೂ ಜೋರ್ ತಿರಗಾಕತ್ತದಪಾ.”

ಕಾಕಾನ ಮುಖ ಸಣ್ಣದಾಯಿತು. ಅವನು ಡಾಕ್ಟರರ ಚೀಟಿ ತೆಗೆದು ನಂಬರ್ ನೋಡಿದ, ಚಷ್ಮಾ ಮತ್ತೆ ತೆಗೆದು ಗಾಜನ್ನು ಬೆಳಕಿಗೆ ಹಿಡಿದು ನೋಡಿದ. “ನಂಬರ್ ತಪ್ಪೇತೋ ಏನೋ. ನನ್ನ ಕೈಲಿ ಇಂಥಾದು ಎಂದೂ ಆಗಿಲ್ರಿ ಮುತ್ಯಾ. ಇದನ್ನ ಬದಲಿ ಮಾಡ್ಸಿ ಕೊಡ್ತೇನಿ,” ಎಂದ.

ಸಪ್ನಾ ಗಾಲಿಯ ಕಡೆ ನೋಡಿದಳು. ಪೇಂಟು ತಾಗದ ಅಡಿಭಾಗದಿಂದ ಹಿಡಿದು ಮೇಲಿನವರೆಗೆ ಕರಿ ಇರುವೆಗಳು. ಒಂದರ ಹಿಂದೆ ಒಂದು, ಗಾಲಿಯ ಸುತ್ತ ಸುತ್ತ. ಸುಮ್ಮನೆ ನಿಂತರೆ ಸಾಕಿತ್ತು. ತಪ್ಪು ಚಷ್ಮಾದ್ದೇ ಆಗಿ ಮುಗಿಯುತ್ತಿತ್ತು. ಗುಲಫಶಾ ಬಾಗಿಲಿನಿಂದ ಅವಳನ್ನೇ ನೋಡುತ್ತಿದ್ದಳು. ಕಾಕಾ ಬಟ್ಟೆಯಿಂದ ಗಾಜನ್ನು ಒರೆಸುತ್ತಲೇ ಇದ್ದ.

“ಚಷ್ಮಾ ಬರೋಬ್ಬರಿ ಅದ, ಕಾಕಾ.” ಸಪ್ನಾಳಿಗೆ ತನ್ನ ದನಿ ಎಲ್ಲಿಂದಲೋ ಕೇಳಿಸಿತು. “ಅವು ಇರವಿ. ಗಾಲಿ ಸಕ್ಕರೀದು.”

“ಏನ್?”

“ರೆಸಿನ್ ಅಚ್ಚು ನೀರಾಗ ನೆನಸಿದ್ದೆ. ನೀರು ತಾಗಿ ರೆಸಿನ್ ಉಬ್ಬಿ ಪಾವ್ ಆಯ್ತು. ಅದಕ್ಕ ಸಕ್ಕರೀಲೆ ಮಾಡಿದೆ.”

“ಹಂಗಾದ್ರ ನಿನ್ನೆ ನಾ ಶಾಬಾಸ್ ಅಂದಾಗ?”

“ಆಗ ಹೇಳಾಕ ಬಾಯಿ ಬರ್ಲಿಲ್ಲ. ಉಳಿದ ಟೈಮಿನ್ಯಾಗ ಭಾಳ ಬರ್ತದ.”

ಒಳಗಿನಿಂದ ಆಯಿಯ ದನಿ ಬಂತು. “ಅದಕ್ಕ ಡಬ್ಬಿಯಾಗಿನ ಸಕ್ಕರಿ ತಳ ಕಂಡದ! ಚಹಾ ಅಂತ, ಚಹಾ!”

ಇರುವೆಗಳನ್ನಾದರೂ ಜಾಡಿಸೋಣ ಎಂದು ಸಪ್ನಾ ಗಾಲಿ ಮುಟ್ಟಿದಳು. ಅದು ಪಟ್ ಎಂದು ಎರಡು ಹೋಳಾಯಿತು. ಡಕೋಟಾ ವಾಲತೊಡಗಿತು. ಅವಳು ಗಾಬರಿಯಿಂದ ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಹಿಡಿದಳು.

“ಹಾಂ! ಹಂಗೇ ಹಿಡಿ. ಬಿಡಬ್ಯಾಡ!” ಮುತ್ಯಾ ಕೂಗಿದ. ಕಾಕಾನ ಕೈಯಿಂದ ಚಷ್ಮಾ ಕಸಿದು ತಾನೇ ಹಾಕಿಕೊಂಡ. “ಈಗ ನೋಡ, ಈಗ ಆಯ್ತು ಇದು ನನ್ನ ಡಕೋಟಾ!”

“ಗಾಲಿನೇ ಇಲ್ಲಲ್ರಿ ಮುತ್ಯಾ,” ಎಂದ ಕಾಕಾ.

“ನಾ ಗಾಲಿ ಬದಲಿ ಮಾಡೋ ಮನಷಾ ಇದ್ದೆನೋ ತಮ್ಮಾ. ಎರಡೂ ಗಾಲಿ ಛಲೋ ಇದ್ದ ವಿಮಾನ ನಮ್ಮ ಹತ್ರ ಯಾಕ ಬರ್ತಿತ್ತು? ಒಂದು ಬಿಚ್ಚಿರ್ತಿತ್ತು, ಹಿಂಗ ಜ್ಯಾಕ್ ಮ್ಯಾಲ ನಿಂತಿರ್ತಿತ್ತು. ನನ್ನ ಕಣ್ಣಾಗ ಇರೋದು ಹಿಂಗೇ.”

ಅವನು ಖುರ್ಚಿ ಎಳೆದುಕೊಂಡು ಕೂತ. ಗಾಲಿ ಹೇಗೆ ಬಿಚ್ಚುತ್ತಿದ್ದರು, ಚಳಿಗಾಲದ ನಸುಕಿನಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದರೆ ಕಬ್ಬಿಣ ಹೇಗೆ ಅಂಗೈಗೆ ಅಂಟುತ್ತಿತ್ತು ಎಂದೆಲ್ಲ ಹೇಳತೊಡಗಿದ. ಹೇಳುತ್ತ ಅವನ ಎರಡೂ ಕೈ ಗಾಳಿಯಲ್ಲಿ ಅಗಲವಾದವು. ಅವುಗಳ ನಡುವೆ ಏನೂ ಇರಲಿಲ್ಲ. ಆದರೂ ಅಲ್ಲೊಂದು ಗಾಲಿ ಇತ್ತು. ಸಪ್ನಾಳ ಎದೆಯೆತ್ತರದ, ಭಾರವಾದ, ಖರೇ ಗಾಲಿ. ಅದನ್ನು ಹೊತ್ತು ಮುತ್ಯಾನ ತೋಳು ನಡುಗುತ್ತಿದ್ದವು.

ಮುತ್ಯಾನಿಗೆ ಇಷ್ಟೆಲ್ಲ ನೆನಪಿಸಿದ ಈ ಖಾಲಿ ಜಾಗವನ್ನು ಮುಚ್ಚಿಹಾಕಲು ತಾನು ಅಷ್ಟು ಸಕ್ಕರೆ ಕುದಿಸಿದೆನಲ್ಲ ಎಂದು ಸಪ್ನಾಳಿಗೆ ಅನ್ನಿಸಿತು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಬೆರಳು ಜೋಮು ಹಿಡಿದವು. ಎರಡು ಇರುವೆ ಮುಂಗೈ ಹತ್ತಿ ಮೊಣಕೈ ಕಡೆ ಹೊರಟವು. ಕಾಕಾ ಒಂದು ಸ್ಟೂಲು ತಂದು ಅವಳ ಹಿಂದೆ ಇಟ್ಟ. ಸಪ್ನಾ ಬೆರಳು ಕದಲಿಸದೆ, ಮೆಲ್ಲಗೆ ಅದರ ಮೇಲೆ ಕೂತಳು.

“ಆಮ್ಯಾಲ ಏನ್ ಮಾಡ್ತಿದ್ರಿ, ಮುತ್ಯಾ?” ಎಂದು ಕೇಳಿದಳು.