ಬೀಗದ ಕೈ ಇಸಿದುಕೊಂಡವನು

"ಆಯಮ್ಮನ ಕೈಯಿಂದ ಮಾತ್ರ ಬೀಗದ ಕೈ ಇಸ್ಕೋಬೇಡಪ್ಪ," ಎಂದರು ಹಿರಿಯ ಅಧಿಕಾರಿ, ಜೀಪಿನಿಂದ ಇಳಿಯದೆಯೇ. "ನಾವು ಹಳೇ ಬೀಗ ಒಡೆದು ಹೊಸದು ಹಾಕೋದು ಸುಮ್ನೆ ಅಲ್ಲ. ಕೈಯಿಂದ ಕೈಗೆ ಬಂದ್ರೆ ಬರೀ ಮನೆ ಬರಲ್ಲ. ಅವರ ಗತಿನೂ ಬರುತ್ತೆ."

ಸಾಲ ವಸೂಲಿಗೆ ಹೊಸದಾಗಿ ಸೇರಿದ್ದವನಿಗೆ ನಗು ತಡೆಯಲಾಗಲಿಲ್ಲ. ಊರವರ ಮನೆಗಳನ್ನೆಲ್ಲ ಜಪ್ತಿ ಮಾಡಿ ತಲೆ ನರೆತ ಮನುಷ್ಯ ಒಬ್ಬ ಮುದುಕಿಗೆ ಹೆದರಿ ಬೆವರುತ್ತಿದ್ದಾನಲ್ಲ ಎನ್ನಿಸಿತು. "ಮಾಟ ಗೀಟ ಎಲ್ಲ ನಿಮಗಿರಲಿ ಸಾರ್. ಮಗಳಿಗೆ ಬೆಳಗಿನಿಂದ ಜ್ವರ, ನಾನು ಬೇಗ ಹೋಗ್ಬೇಕು. ಬೀಗ ಒಡೆಸ್ತಾ ಕೂತ್ರೆ ಆಗಲ್ಲ."

ಅವನೊಬ್ಬನೇ ಮನೆಯೊಳಗೆ ಹೋದ. ಸಾಮಾನೆಲ್ಲ ಸಾಗಿಸಿ ಆಗಿತ್ತು. ಗೋಡೆಯಲ್ಲಿ ಫೋಟೊ ತೆಗೆದ ಕಡೆ ಮಾತ್ರ ಸುಣ್ಣ ಹೊಸದಾಗಿ ಕಾಣುತ್ತಿತ್ತು. ಎಲ್ಲಿಂದಲೋ ಸುಟ್ಟ ಕೂದಲಿನ ವಾಸನೆ. ಅಡುಗೆಮನೆಯ ಕತ್ತಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ನೀರಿನ ಸಂಪರ್ಕ ಕಡಿದು ವಾರವಾಗಿತ್ತೆಂದು ಅವನಿಗೆ ಗೊತ್ತಿತ್ತು. ಆದರೂ ಅವನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

"ಮಗ ಸಾಲ ಮಾಡಿ ಓಡಿಹೋದ," ಎಂದಳು ಮುದುಕಿ. "ಸೊಸೆ ಮೊಮ್ಮಗಳನ್ನ ಕರ್ಕೊಂಡು ತವರಿಗೆ ಹೋದ್ಲು. ನನಗೆ ಅಂತ ಉಳಿದಿದ್ದು ಇದೊಂದೇ. ತಗೋತೀಯಾ?"

"ತಗೊಳ್ಳಲೇಬೇಕಲ್ಲಜ್ಜಿ. ನನ್ನ ಕೆಲಸ ಅದು."

"ಹಾಗಾದ್ರೆ ಪೂರ್ತಿ ತಗೋ."

ಅವನು ಕೈ ಚಾಚಿದ. ಬೀಗದ ಕೈಗೆ ಉದ್ದನೆಯ ಬಿಳಿಗೂದಲು ಬಿಗಿಯಾಗಿ ಸುತ್ತಿತ್ತು. ಈಗಷ್ಟೇ ಬಾಯಿಂದ ತೆಗೆದಂತೆ ಬೆಚ್ಚಗೆ, ಒದ್ದೆಯಾಗಿತ್ತು. ಅಸಹ್ಯವೆನಿಸಿ ಅದನ್ನು ಅಂಗಿಗೆ ಒರೆಸಿಕೊಂಡ.

ಮುದುಕಿ ಒಂದು ಗಂಟನ್ನೂ ಎತ್ತಿಕೊಳ್ಳದೆ ಬರಿಗೈಯಲ್ಲಿ ಹೊರಟಳು.

"ಎಲ್ಲಿಗೆ ಹೋಗ್ತೀರಿ?"

"ಮನೆಗೆ."

ಬೀಗ ಹಾಕಿ ಜೀಪಿನ ಹತ್ತಿರ ಬಂದ. ಹಿರಿಯರು ಗಾಜು ಇಳಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಯಾರಪ್ಪ ನೀನು? ಏನಾಗ್ಬೇಕಿತ್ತು?"

"ತಮಾಷೆ ಸಾಕು ಸಾರ್."

ಅವರು ತಮಾಷೆ ಮಾಡುತ್ತಿರಲಿಲ್ಲ. ಜೀಪು ಹೊರಟುಹೋಯಿತು. ಅವನು ತಕ್ಷಣ ಹೆಂಡತಿಗೆ ಫೋನ್ ಮಾಡಿದ.

"ಹಲೋ, ಯಾರು ಮಾತಾಡ್ತಿರೋದು?"

"ನಾನು ಕಣೇ. ಜ್ವರ ಹೇಗಿದೆ?"

"ರಾಂಗ್ ನಂಬರ್ರಿ."

ಅವನು ಓಡಿದ. ಬೀಗದ ಕೈಯನ್ನು ಚರಂಡಿಗೆ ಎಸೆಯಲು ನೋಡಿದ. ಬೆರಳು ಬಿಚ್ಚಲಿಲ್ಲ. ಕೂದಲು ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ಮಣಿಕಟ್ಟಿಗೆ ಬಂತು. ಎಳೆದಷ್ಟೂ ಬಿಗಿಯಾಯಿತು. ತನ್ನ ಬೀದಿ. ತನ್ನ ಮೆಟ್ಟಿಲು. ದಿನಾ ನಗುತ್ತಿದ್ದ ಪಕ್ಕದ ಮನೆಯಾಕೆ ಅವನನ್ನು ಕಂಡು ಮಗುವನ್ನು ಒಳಗೆಳೆದುಕೊಂಡಳು. ಬಾಗಿಲಿನ ಹೊರಗೂ ಸುಟ್ಟ ಕೂದಲಿನ ವಾಸನೆ. ದಬದಬ ಬಡಿದ.

ಬಾಗಿಲು ಚೂರೇ ತೆರೆಯಿತು. ಸರಪಳಿಯ ಹಿಂದೆ ಹೆಂಡತಿಯ ಮುಖ.

"ಯಾರು ಬೇಕಿತ್ತು?"

"ನಾನು ಕಣೇ. ನಿನ್ನ ಗಂಡ."

ಅವಳ ಕಣ್ಣಲ್ಲಿ ಭಯವಿತ್ತು, ಗುರುತಿರಲಿಲ್ಲ. ಅವನಿಗೆ ಅಳು ಬಂತು. ಅವಳ ಭುಜದಾಚೆ, ಮಂಚದ ಮೇಲೆ, ಅದೇ ಮುದುಕಿಯ ತೊಡೆಯಲ್ಲಿ ತಲೆಯಿಟ್ಟು ಮಲಗಿದ್ದಳು ಮಗಳು. ಮುದುಕಿ ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು.

"ಪುಟ್ಟಿ," ಎಂದ. "ಅಪ್ಪ ಬಂದಿದೀನಿ, ನೋಡಮ್ಮ."

ಮಗಳು ಕಣ್ಣು ತೆರೆದು ಅವನನ್ನೇ ನೋಡಿದಳು. ಆಮೇಲೆ ಮುದುಕಿಯ ಸೆರಗಿನೊಳಗೆ ಮುಖ ಹುದುಗಿಸಿದಳು.

"ಅಜ್ಜೀ, ಯಾರದು?"

"ಸಾಲದವರಿರಬೇಕು ಮಗಾ. ಬಾಗಿಲು ಹಾಕೋಕೆ ಹೇಳು ಅಮ್ಮಂಗೆ."